ಹರೆಯದವರ ಜೊತೆ ವಾರಕ್ಕೆ ಎರಡು ಗಂಟೆ: ಲಾಭ ಯಾರಿಗೆ, ಯಾವಾಗ?

ನೀವು ಬಾಯಿಬಿಟ್ಟು ಕೇಳುತ್ತಿಲ್ಲ, ಆದರೆ ಬಹಳ ಜನರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇದೆ. ವಾರಕ್ಕೆ ಎರಡು ಗಂಟೆ ಬಿಡುವು ಮಾಡಿಕೊಂಡು, ಯಾರದೋ ಹದಿನಾಲ್ಕು ವರ್ಷದ ಮಗನ ಜೊತೆಗೋ ಮಗಳ ಜೊತೆಗೋ ಕೂತರೆ ನನಗೇನು ಸಿಗುತ್ತೆ? ಇದು ಕೇಳಬಾರದ ಪ್ರಶ್ನೆ ಏನಲ್ಲ. ಸ್ವಯಂಸೇವಕರನ್ನು ಸೇರಿಸಿಕೊಳ್ಳುವ ಕೆಲಸದಲ್ಲಿ ಇರುವವಳು ನಾನು. "ನನಗೇನೂ ಬೇಡ, ಸೇವೆ ಮಾಡಿದರೆ ಸಾಕು" ಅನ್ನುವವರು ಬಂದಾಗ ನನಗೆ ಸ್ವಲ್ಪ ಭಯವೇ ಆಗುತ್ತದೆ.

ಈ ಭಯಕ್ಕೆ ಆಧಾರವೂ ಇದೆ. ಒಮೊಟೊ ಮತ್ತು ಸ್ನೈಡರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಏಡ್ಸ್ ರೋಗಿಗಳ ಜೊತೆ ಕೆಲಸ ಮಾಡುತ್ತಿದ್ದ ಸ್ವಯಂಸೇವಕರನ್ನು ಗಮನಿಸಿ, 1995ರಲ್ಲಿ ತಮಗೆ ಕಂಡದ್ದನ್ನು ಪ್ರಕಟಿಸಿದರು. ಹೊಸದೇನಾದರೂ ಕಲಿಯಬೇಕು, ತನ್ನ ಬಗ್ಗೆ ತನಗೆ ಒಳ್ಳೆಯ ಭಾವನೆ ಬರಬೇಕು, ಹೀಗೆ ತಮಗಾಗಿಯೂ ಏನೋ ಬಯಸಿ ಬಂದವರೇ ಜಾಸ್ತಿ ಕಾಲ ಉಳಿದಿದ್ದರು. ಹಾಗಾಗಿ ಸಂಕೋಚ ಬೇಡ. ನಿಮಗೇನು ಸಿಗುತ್ತೆ ಅನ್ನುವುದನ್ನು ಇವತ್ತು ಖಂಡಿತ ಹೇಳುತ್ತೇನೆ. ಆದರೆ ಅದಕ್ಕೆ ಒಂದು ಷರತ್ತಿದೆ, ಮೊದಲು ಆ ಷರತ್ತನ್ನು ಮಾತಾಡೋಣ. ಇಂಥ ಸಭೆಗಳಲ್ಲಿ ಯಾರೂ ಹೇಳದ ಕಥೆಯೊಂದರಿಂದ ಶುರು ಮಾಡುತ್ತೇನೆ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕೇಂಬ್ರಿಡ್ಜ್, ಸಾಮರ್‌ವಿಲ್ ಅಂತ ಅಕ್ಕಪಕ್ಕದ ಎರಡು ಊರುಗಳಿವೆ. ಹುಡುಗರು ದಾರಿ ತಪ್ಪದ ಹಾಗೆ ನೋಡಿಕೊಳ್ಳಬೇಕು ಅಂತ 1939ರಲ್ಲಿ ಅಲ್ಲಿ ಒಂದು ದೊಡ್ಡ ಕಾರ್ಯಕ್ರಮ ಶುರುವಾಯಿತು. ಒಟ್ಟು 506 ಹುಡುಗರು. ವಯಸ್ಸು, ಮನೆಯ ಪರಿಸ್ಥಿತಿ, ಸ್ವಭಾವ ಎಲ್ಲ ನೋಡಿ ಒಂದೇ ತರಹದ ಇಬ್ಬರನ್ನು ಜೋಡಿ ಮಾಡಿದರು. ನಾಣ್ಯ ಚಿಮ್ಮಿ ಅವರಲ್ಲಿ ಒಬ್ಬನನ್ನು ಕಾರ್ಯಕ್ರಮಕ್ಕೆ ತೆಗೆದುಕೊಂಡರು, ಇನ್ನೊಬ್ಬನನ್ನು ಅವನ ಪಾಡಿಗೆ ಬಿಟ್ಟರು. ಸೇರಿದವನ ಮನೆಗೆ ತಿಂಗಳಿಗೆ ಸುಮಾರು ಎರಡು ಸಲ ಸಲಹೆಗಾರರು ಬರುತ್ತಿದ್ದರು. ಪಾಠ ಹೇಳಿಕೊಡುತ್ತಿದ್ದರು, ಹುಷಾರಿಲ್ಲದಿದ್ದರೆ ಡಾಕ್ಟರ ಹತ್ತಿರ ಕಳಿಸುತ್ತಿದ್ದರು. ಅನೇಕರನ್ನು ಬೇಸಿಗೆ ಶಿಬಿರಕ್ಕೂ ಕಳಿಸಿದರು. ಇದೆಲ್ಲ ಸರಾಸರಿ ಐದು ವರ್ಷಕ್ಕೂ ಹೆಚ್ಚು ನಡೆಯಿತು.

ಸುಮಾರು ಮೂವತ್ತು ವರ್ಷ ಕಳೆದ ಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನೆಲ್ಲ ಹುಡುಕಿಕೊಂಡು ಹೋದರು. ಅಷ್ಟರಲ್ಲಿ ಅವರು ನಡುವಯಸ್ಸಿನ ಗಂಡಸರು. ಕಾರ್ಯಕ್ರಮದಲ್ಲಿ ಇದ್ದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ, "ಅದರಿಂದ ನನಗೆ ಒಳ್ಳೆಯದಾಯಿತು" ಅಂದರು. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಆಮೇಲೆ ಮೆಕಾರ್ಡ್ ನ್ಯಾಯಾಲಯದ, ಆಸ್ಪತ್ರೆಯ, ಮರಣದ ದಾಖಲೆಗಳನ್ನು ತೆಗೆಸಿ ನೋಡಿದರು. ಏನೂ ಸಹಾಯ ಸಿಗದೆ ಬೆಳೆದ ಜೋಡಿ ಹುಡುಗನೇ ಎಷ್ಟೋ ವಿಷಯದಲ್ಲಿ ವಾಸಿ ಇದ್ದ. ಸಹಾಯ ಪಡೆದವರಲ್ಲಿ ಕುಡಿತದ ಲಕ್ಷಣ ಹೆಚ್ಚು, ಮತ್ತೆ ಮತ್ತೆ ಅಪರಾಧ ಮಾಡಿದವರು ಹೆಚ್ಚು, ಬೇಗ ಸತ್ತವರೂ ಹೆಚ್ಚು. 1978ರಲ್ಲಿ ಇದನ್ನು ಪ್ರಕಟಿಸಿದಾಗ ಈ ಕ್ಷೇತ್ರದವರಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಯಾಕೆ ಹೀಗಾಯಿತು? ಮೆಕಾರ್ಡ್ ಕೆಲವು ಊಹೆಗಳನ್ನು ಮುಂದಿಟ್ಟರು. ಹುಡುಗರು ಸಲಹೆಗಾರರ ಮೇಲೆ ಅತಿಯಾಗಿ ನೆಚ್ಚಿಕೊಂಡಿರಬಹುದು, ಕಾರ್ಯಕ್ರಮ ನಿಂತಾಗ ಕೈಬಿಟ್ಟ ಹಾಗೆ ಆಗಿರಬಹುದು. ಮುಂದೆ ಲೆಕ್ಕಗಳನ್ನು ಇನ್ನಷ್ಟು ಕೆದಕಿದಾಗ ಬೇಸಿಗೆ ಶಿಬಿರಗಳ ಮೇಲೆ ಅನುಮಾನ ಬಂತು. ಒಂದಕ್ಕಿಂತ ಹೆಚ್ಚು ಸಲ ಶಿಬಿರಕ್ಕೆ ಹೋದವರ ಸ್ಥಿತಿಯೇ ಎಲ್ಲಕ್ಕಿಂತ ಕೆಟ್ಟದಾಗಿತ್ತು. ತುಂಟ ಹುಡುಗರನ್ನೆಲ್ಲ ಒಂದೇ ಕಡೆ ಹಾಕಿ, ದೊಡ್ಡವರ ಕಣ್ಣು ಸ್ವಲ್ಪ ತಪ್ಪಿದರೆ, ಅವರು ಒಬ್ಬರ ಮುಂದೆ ಒಬ್ಬರು ಜಂಬ ಕೊಚ್ಚಿಕೊಳ್ಳುವುದು ತಾವು ಮಾಡಿದ ಕಿತಾಪತಿಯನ್ನೇ. ಕೇಳಿದವರು ನಗುತ್ತಾರೆ. ಆ ನಗುವೇ ಬಹುಮಾನ.

ಒಂದು ಮಾತು ಸೇರಿಸಬೇಕು. ಆ ಸಲಹೆಗಾರರು ಸಂಬಳಕ್ಕೆ ಕೆಲಸ ಮಾಡುತ್ತಿದ್ದವರು, ನಿಮ್ಮ ಹಾಗೆ ಸ್ವಯಂಸೇವಕರಲ್ಲ. ಆದರೆ ಅವರಿಗೆ ಒಳ್ಳೆಯ ಮನಸ್ಸು ಇರಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ತಾನಾಗಿಯೇ ಒಳ್ಳೆಯದಾಗಿಬಿಡುತ್ತದೆ ಅನ್ನುವ ನಂಬಿಕೆ ಇಟ್ಟುಕೊಂಡು ಯಾರೂ ಹರೆಯದವರ ಹತ್ತಿರ ಹೋಗಬೇಡಿ. ಅದಕ್ಕೇ ಈ ಕಥೆ ಹೇಳಿದೆ, ನಿಮ್ಮನ್ನು ಹೆದರಿಸಿ ಮನೆಗೆ ಕಳಿಸೋಕಲ್ಲ.

ಈಗ ಇದರ ಇನ್ನೊಂದು ಮಗ್ಗುಲು. 1904ರಲ್ಲಿ ನ್ಯೂಯಾರ್ಕ್‌ನ ಮಕ್ಕಳ ನ್ಯಾಯಾಲಯದಲ್ಲಿ ಅರ್ನೆಸ್ಟ್ ಕೋಲ್ಟರ್ ಅಂತ ಒಬ್ಬ ಗುಮಾಸ್ತರಿದ್ದರು. ದಿನಾ ಕಟಕಟೆಗೆ ಬರುವ ಹುಡುಗರನ್ನು ನೋಡಿ ನೋಡಿ ಸಾಕಾಗಿ, ಸ್ಥಿತಿವಂತರ ಒಂದು ಸಭೆಗೆ ಹೋಗಿ, ನೀವು ಒಬ್ಬೊಬ್ಬರು ಒಬ್ಬೊಬ್ಬ ಹುಡುಗನಿಗೆ ಅಣ್ಣನ ಹಾಗೆ ಇರಿ ಅಂತ ಕೇಳಿಕೊಂಡರು. ದುಡ್ಡು ಕೇಳಲಿಲ್ಲ, ಕಟ್ಟಡ ಕೇಳಲಿಲ್ಲ. ಅಲ್ಲಿಂದ ಬೆಳೆದದ್ದೇ 'ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್' ಸಂಸ್ಥೆ. ತೊಂಬತ್ತು ವರ್ಷದ ನಂತರ ಈ ಸಂಸ್ಥೆಯ ಕೆಲಸವನ್ನು ಸಂಶೋಧಕರು ಸರಿಯಾಗಿ ಅಳೆದು ನೋಡಿದರು. 10ರಿಂದ 16 ವಯಸ್ಸಿನ 959 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ಕೂಡಲೇ ಒಬ್ಬ ಸ್ವಯಂಸೇವಕರನ್ನು ಹುಡುಕಲು ಹೊರಟರು, ಉಳಿದವರನ್ನು ಒಂದೂವರೆ ವರ್ಷ ಕಾಯುವವರ ಪಟ್ಟಿಯಲ್ಲಿ ಇಟ್ಟರು. ಆಮೇಲೆ ಎರಡೂ ಗುಂಪನ್ನು ಹೋಲಿಸಿದರು.

1995ರಲ್ಲಿ ಬಂದ ಆ ವರದಿಯ ಅಂಕಿಗಳನ್ನು ಬೇಕಿದ್ದವರು ಬರೆದುಕೊಳ್ಳಿ. ಸ್ವಯಂಸೇವಕರು ಸಿಕ್ಕ ಮಕ್ಕಳಲ್ಲಿ ಮಾದಕ ವಸ್ತುಗಳನ್ನು ಹೊಸದಾಗಿ ಶುರು ಮಾಡುವ ಸಾಧ್ಯತೆ ಶೇ. 46ರಷ್ಟು ಕಡಿಮೆ. ಕುಡಿತ ಶುರು ಮಾಡುವುದು ಶೇ. 27ರಷ್ಟು ಕಡಿಮೆ. ಶಾಲೆ ತಪ್ಪಿಸುವುದೂ ಸುಮಾರು ಅರ್ಧಕ್ಕೆ ಇಳಿಯಿತು. ಇಷ್ಟಾಗಿ ಆ ಸ್ವಯಂಸೇವಕರು ಮಾಡಿದ್ದೇನು? ಮಾದಕ ವಸ್ತುವಿನ ಬಗ್ಗೆ ಭಾಷಣ ಮಾಡಲಿಲ್ಲ. ಮನೆಪಾಠ ಮಾಡಿಸಲೇಬೇಕು ಅಂತಲೂ ಇರಲಿಲ್ಲ. ತಿಂಗಳಿಗೆ ಮೂರು ಸಲವೋ ಏನೋ, ಪ್ರತಿ ಸಲ ಮೂರು ನಾಲ್ಕು ಗಂಟೆ, ಜೊತೆಗೆ ಇದ್ದರು. ನಡೆದಾಡಿದರು, ಆಟ ನೋಡಿದರು, ಮಾತಾಡಿದರು. ಮಾತಿಲ್ಲದೆಯೂ ಕೂತಿರಬಹುದು. ಬುದ್ಧಿ ಹೇಳಲೆಂದೇ ಬರುವ ಸ್ವಯಂಸೇವಕರಿಗೆ ನಾನು ಮೊದಲು ತೋರಿಸುವುದು ಈ ವರದಿಯನ್ನು. ಅವರ ಮುಖ ಬಾಡುತ್ತದೆ, ಇರಲಿ.

ಇದೇ ಮಕ್ಕಳ ಮಾಹಿತಿಯನ್ನು ಇಟ್ಟುಕೊಂಡು ಗ್ರಾಸ್‌ಮನ್ ಮತ್ತು ರೋಡ್ಸ್ ಎಂಬ ಸಂಶೋಧಕರು 2002ರಲ್ಲಿ ಇನ್ನೊಂದು ಪ್ರಶ್ನೆ ಕೇಳಿದರು. ಎಷ್ಟು ಕಾಲ ಜೊತೆಗಿದ್ದರೆ ಎಷ್ಟು ಲಾಭ? ಷರತ್ತು ಇದೆ ಅಂದೆನಲ್ಲ, ಅದು ಇಲ್ಲಿದೆ. ಒಂದು ವರ್ಷ ಅಥವಾ ಹೆಚ್ಚು ಕಾಲ ಉಳಿದ ಜೋಡಿಗಳಲ್ಲಿ ಲಾಭ ಎಲ್ಲಕ್ಕಿಂತ ಹೆಚ್ಚು. ಸಮಯ ಕಡಿಮೆಯಾದಂತೆ ಲಾಭವೂ ಕಡಿಮೆ. ಮೂರು ತಿಂಗಳೊಳಗೇ ಮುರಿದುಬಿದ್ದ ಜೋಡಿಗಳಲ್ಲಿ ಮಕ್ಕಳಿಗೆ ತಮ್ಮ ಮೇಲೆ ಇದ್ದ ಅಭಿಮಾನವೇ ಕುಗ್ಗಿತ್ತು. ಓದಿನಲ್ಲಿ ತನ್ನ ಕೈಲಿ ಆಗುತ್ತೆ ಅನ್ನುವ ನಂಬಿಕೆಯೂ ಇಳಿದಿತ್ತು.

ಮಗುವಿನ ಜಾಗದಲ್ಲಿ ನಿಂತು ಯೋಚನೆ ಮಾಡಿ. ಬಿಟ್ಟು ಹೋಗುವ ದೊಡ್ಡವರನ್ನು ಅದು ಮೊದಲೇ ಕಂಡಿದೆ. ಈಗ ಹೊಸಬರೊಬ್ಬರು ಬಂದರು, ನಕ್ಕರು, ಮುಂದಿನ ವಾರ ಸಿಗೋಣ ಅಂದರು. ನಾಲ್ಕು ವಾರ ಬಂದರು. ಐದನೇ ವಾರ ಆಫೀಸಿನಲ್ಲಿ ಕೆಲಸ, ಆರನೇ ವಾರ ಯಾರದೋ ಮದುವೆ. ಆಮೇಲೆ ಸುದ್ದಿಯೇ ಇಲ್ಲ. ನೀವು ಕೊಟ್ಟ ಕಾರಣ ಅದಕ್ಕೆ ತಲುಪುವುದಿಲ್ಲ. ಅದು ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತದೆ, ಆ ಕಾರಣ ಯಾವಾಗಲೂ ತನ್ನ ಮೇಲೆಯೇ ಇರುತ್ತದೆ.

ಹಾಗಾಗಿ ಈಗಲೇ ಹೇಳಿಬಿಡುತ್ತೇನೆ. ಮುಂದಿನ ಒಂದು ವರ್ಷದಲ್ಲಿ ನೀವು ಊರು ಬಿಡುವುದು ಖಚಿತವಾಗಿದ್ದರೆ, ಪರೀಕ್ಷೆಗಳ ಗುಡ್ಡವೇ ಮುಂದಿದ್ದರೆ, ಒಬ್ಬ ಹುಡುಗನಿಗೋ ಹುಡುಗಿಗೋ ಜೋಡಿಯಾಗುವ ಕೆಲಸ ಈಗ ಬೇಡ. ಅಂಥವರಿಗೂ ಕೆಲಸ ಇದೆ. ಪಂದ್ಯದ ದಿನ ಬಂದು ಸಹಾಯ ಮಾಡಬಹುದು, ಲೆಕ್ಕಪತ್ರ ನೋಡಿಕೊಳ್ಳಬಹುದು, ನಿಮ್ಮ ವೃತ್ತಿಯ ಬಗ್ಗೆ ಒಂದು ಮಧ್ಯಾಹ್ನ ಮಾತಾಡಬಹುದು. ಅದೇನೂ ಕೀಳು ಕೆಲಸವಲ್ಲ.

ಒಬ್ಬ ಮನುಷ್ಯ ಸುಮ್ನೆ ಜೊತೆಗಿದ್ದರೆ ಇಷ್ಟೆಲ್ಲ ಯಾಕೆ ಆಗುತ್ತೆ ಅಂತ ನಿಮಗೆ ಅನಿಸಬಹುದು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಸುಮಾರು ನಲವತ್ತು ವರ್ಷ ಹಿಂಬಾಲಿಸಿದರು. ಬಡತನ, ಮನೆಯಲ್ಲಿ ಜಗಳ, ಹೆತ್ತವರ ಕುಡಿತ ಅಥವಾ ಮಾನಸಿಕ ಕಾಯಿಲೆ, ಹೀಗೆ ಒಂದರ ಮೇಲೊಂದು ಕಷ್ಟ ಇದ್ದ ಮಕ್ಕಳೂ ಅದರಲ್ಲಿ ಬಹಳ ಇದ್ದರು. ಅಂಥ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರು ಎಲ್ಲ ದಾಟಿ, ಕೆಲಸ ಬಲ್ಲ, ಇನ್ನೊಬ್ಬರ ಮೇಲೆ ಕಾಳಜಿ ಇರುವ ದೊಡ್ಡವರಾಗಿ ಬೆಳೆದರು. ಅವರಿಗೆ ಏನಿತ್ತು, ಉಳಿದವರಿಗೆ ಏನಿರಲಿಲ್ಲ ಅಂತ ನೋಡಿದಾಗ ಮತ್ತೆ ಮತ್ತೆ ಕಂಡದ್ದು ಒಬ್ಬ ವ್ಯಕ್ತಿ. ಅಜ್ಜಿಯೋ ಚಿಕ್ಕಪ್ಪನೋ ಟೀಚರೋ ನೆರೆಮನೆಯವರೋ, ಒಟ್ಟಿನಲ್ಲಿ ಈ ಮಗು ನನ್ನದು ಅನ್ನುವ ಹಾಗೆ ನಡೆದುಕೊಂಡ ಒಬ್ಬರು. ಮಗುವಿನ ಸ್ವಭಾವಕ್ಕೂ ಪಾತ್ರ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಸ್ವಭಾವವನ್ನು ನಾವು ಕೊಡೋಕಾಗಲ್ಲ. ಆ ಒಬ್ಬ ವ್ಯಕ್ತಿ ಆಗುವುದು ನಮ್ಮ ಕೈಲಿ ಇದೆ.

ಸರಿ, ನಿಮ್ಮ ಲಾಭದ ವಿಷಯಕ್ಕೆ ಬರೋಣ.

ಇಲ್ಲಿ ಹತ್ತನೇ ತರಗತಿಯ ವಯಸ್ಸಿನವರು ಕೆಲವರು ಕಾಣುತ್ತಿದ್ದಾರೆ. ನಿಮಗೇ ಹೇಳಬೇಕಾದ ಒಂದು ಪ್ರಯೋಗ ಇದೆ. ಕೆನಡಾದ ಪಶ್ಚಿಮ ಭಾಗದ ಒಂದು ಶಾಲೆಯಲ್ಲಿ ಹತ್ತನೇ ತರಗತಿಯ 106 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಹತ್ತು ವಾರ, ವಾರಕ್ಕೊಮ್ಮೆ, ಪ್ರಾಥಮಿಕ ಶಾಲೆಯ ಮಕ್ಕಳ ಜೊತೆ ಸ್ವಯಂಸೇವೆ ಮಾಡಿತು. ಇನ್ನೊಂದು ಗುಂಪು ತನ್ನ ಸರದಿಗೆ ಕಾಯಿತು. 2013ರಲ್ಲಿ ಹನ್ನಾ ಶ್ರೈಯರ್ ಮತ್ತು ಅವರ ತಂಡ ಫಲಿತಾಂಶ ಪ್ರಕಟಿಸಿತು. ಅವರು ಅಳೆದದ್ದು ರಕ್ತವನ್ನು! ಸ್ವಯಂಸೇವೆ ಮಾಡಿದವರಲ್ಲಿ ಕೊಲೆಸ್ಟರಾಲ್ ಕಡಿಮೆ ಇತ್ತು, ದೇಹದೊಳಗಿನ ಉರಿಯೂತ ತೋರಿಸುವ ಒಂದು ಅಂಶ ಕಡಿಮೆ ಇತ್ತು, ಎತ್ತರಕ್ಕೆ ತಕ್ಕ ತೂಕದ ಲೆಕ್ಕವೂ ಚೆನ್ನಾಗಿತ್ತು. ಇನ್ನೂ ಸ್ವಾರಸ್ಯ ಏನಂದರೆ, ಇನ್ನೊಬ್ಬರ ನೋವನ್ನು ಅರಿಯುವ ಗುಣ ಯಾರಲ್ಲಿ ಜಾಸ್ತಿ ಬೆಳೆದಿತ್ತೋ ಅವರ ರಕ್ತದಲ್ಲೇ ಬದಲಾವಣೆಯೂ ಜಾಸ್ತಿ. ಚಿಕ್ಕ ಪ್ರಯೋಗ ಇದು. ನಾಳೆಯಿಂದ ಜಿಮ್ ಬಿಟ್ಟು ಬನ್ನಿ ಅಂತ ನಾನು ಹೇಳುತ್ತಿಲ್ಲ.

ಹಿಂದಿನ ಸಾಲಿನ ಹಿರಿಯರಿಗೂ ಒಂದು ಇದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 'ಎಕ್ಸ್‌ಪೀರಿಯನ್ಸ್ ಕೋರ್' ಎಂಬ ಕಾರ್ಯಕ್ರಮದಡಿ ಅರವತ್ತು ದಾಟಿದವರು ವಾರಕ್ಕೆ ಹದಿನೈದು ಗಂಟೆ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಓದಿಸುವುದು, ಗ್ರಂಥಾಲಯ ನೋಡಿಕೊಳ್ಳುವುದು, ಜಗಳ ಬಿಡಿಸುವುದು ಮುಂತಾದ ಕೆಲಸ ಮಾಡಿದರು. ಆ ಮಕ್ಕಳು ನಾವು ಮಾತಾಡುತ್ತಿರುವ ಹರೆಯದವರಿಗಿಂತ ಚಿಕ್ಕವರು, ಆದರೆ ಹಿರಿಯರಿಗೆ ಆದದ್ದು ಇಲ್ಲಿಗೂ ಹೊಂದುತ್ತದೆ. ಕಾರ್ಯಕ್ರಮದಲ್ಲಿ ಇಲ್ಲದವರಿಗೆ ಹೋಲಿಸಿದರೆ ಇವರ ಓಡಾಟ ಹೆಚ್ಚಿತು, ಟಿವಿ ಮುಂದೆ ಕೂರುವುದು ಕಡಿಮೆಯಾಯಿತು. ಕಷ್ಟಕ್ಕೆ ಆಗುವ ಜನ ನನಗೆ ಇದ್ದಾರೆ ಅನ್ನುವ ಭಾವನೆ ಹೆಚ್ಚಿತು. ನಿವೃತ್ತಿಯಾದ ಮೇಲೆ ಎಲ್ಲಕ್ಕಿಂತ ಬೇಗ ಕಳೆದುಹೋಗುವುದು ಇದೇ ಅಲ್ವಾ? ಬೆಳಗ್ಗೆ ಎದ್ದರೆ ಕಾಯುವವರು ಯಾರೂ ಇಲ್ಲ ಅನ್ನಿಸುವುದು. ಎರಿಕ್ ಎರಿಕ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ಮನುಷ್ಯನ ಬದುಕನ್ನು ಎಂಟು ಹಂತಗಳಾಗಿ ನೋಡಿದರು. ನಡುವಯಸ್ಸಿನ ಹಂತದಲ್ಲಿ ಅವರು ಇಟ್ಟಿದ್ದು ಮುಂದಿನ ತಲೆಮಾರನ್ನು ಬೆಳೆಸುವ ಹಂಬಲವನ್ನು. ಅದು ಈಡೇರದೆ ಹೋದರೆ ಮನುಷ್ಯ ನಿಂತ ನೀರಾಗುತ್ತಾನೆ ಅನ್ನುವುದು ಅವರ ಅಭಿಪ್ರಾಯ. ಸ್ವಂತ ಮಕ್ಕಳಿದ್ದರೇ ಅದು ಈಡೇರಬೇಕು ಅಂತೇನಿಲ್ಲ.

ಮಧ್ಯದ ಸಾಲುಗಳಲ್ಲಿ ಉದ್ಯೋಗದಲ್ಲಿ ಇರುವವರು ಕೂತಿದ್ದೀರಿ. ನಿಮ್ಮ ಕೈಯಲ್ಲಿ ಸರ್ಟಿಫಿಕೇಟಿನ ಫಾರಂ ಕಾಣುತ್ತಿದೆ! ಪರವಾಗಿಲ್ಲ, ಬಯೋಡೇಟಾದಲ್ಲಿ ಒಂದು ಸಾಲು ಸೇರುತ್ತದೆ, ಸೇರಲಿ. ಆದರೆ ಸಂದರ್ಶನದಲ್ಲಿ ಆ ಸಾಲಿನ ಬಗ್ಗೆ ಯಾರಾದರೂ ಕೇಳಿದಾಗ ಹೇಳಲು ನಿಮ್ಮ ಹತ್ತಿರ ಏನಾದರೂ ಇರಬೇಕು. ಅದು ಸರ್ಟಿಫಿಕೇಟಿನಿಂದ ಬರುವುದಿಲ್ಲ.

ಏನು ಬರುತ್ತದೆ ಅನ್ನುವುದಕ್ಕೆ ಒಂದೇ ಒಂದು ಉದಾಹರಣೆ ಹಿಡಿದು ಹೇಳುತ್ತೇನೆ, ಸುಮ್ಮನಿರುವ ಕಲೆ. ನಗಬೇಡಿ. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ ತರಗತಿಗಳ ಧ್ವನಿಮುದ್ರಣ ಮಾಡಿಸಿ ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಒಂದೇ ಸೆಕೆಂಡ್! ಅಷ್ಟರಲ್ಲಿ ಇನ್ನೊಬ್ಬರನ್ನು ಕೇಳುವುದು, ಇಲ್ಲವೇ ತಾವೇ ಉತ್ತರ ಹೇಳಿಬಿಡುವುದು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು. ಗೊತ್ತಿಲ್ಲ ಅನ್ನುವವರು, ಬಾಯಿ ಬಿಡದವರು ಕಡಿಮೆಯಾದರು. ಬೇರೆ ದಿನ ಕೈ ಎತ್ತದ ಮಕ್ಕಳೂ ಮಾತಾಡಿದರು. ಈ ಮೂರು ಸೆಕೆಂಡು ಕಾಯುವುದನ್ನು ಹದಿನೈದು ವರ್ಷದ ಹುಡುಗಿಯೊಬ್ಬಳ ಎದುರು ಕೂತು ಅಭ್ಯಾಸ ಮಾಡಿ ನೋಡಿ. "ಸ್ಕೂಲ್ ಹೇಗಿದೆ?" ಅಂತೀರಿ. "ಹೂಂ" ಅಂತಾಳೆ. ಆ ಮೌನವನ್ನು ತುಂಬಲು ನಿಮ್ಮ ನಾಲಿಗೆ ತುರಿಸುತ್ತದೆ. ತಡೆದುಕೊಂಡರೆ ಎರಡನೇ ವಾಕ್ಯ ಬರುತ್ತದೆ. ಮುಖ್ಯವಾದ ಮಾತು ಬಹಳ ಸಲ ಮೂರನೇ ವಾಕ್ಯದಲ್ಲಿ ಇರುತ್ತದೆ.

ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ನಮ್ಮ ಸ್ವಯಂಸೇವಕಿಯೊಬ್ಬರು ಒಮ್ಮೆ ನನ್ನ ಹತ್ತಿರ ಹೇಳಿದರು, "ಈಗ ಮೀಟಿಂಗ್‌ನಲ್ಲೂ ನಾನು ಕಾಯ್ತೀನಿ, ಕಿರಿಯರು ಏನೇನೋ ಹೇಳ್ತಾರೆ, ಇಷ್ಟು ದಿನ ಇವರಿಗೆ ಇದೆಲ್ಲ ಗೊತ್ತಿತ್ತಾ ಅನಿಸುತ್ತೆ." ಹರೆಯದವರು ನಿಮ್ಮ ಹುದ್ದೆಗೆ ಮರ್ಯಾದೆ ಕೊಡುವುದಿಲ್ಲ. ಬೇಜಾರಾದರೆ ಬೇಜಾರು ಅಂತ ಮುಖದಲ್ಲೇ ತೋರಿಸುತ್ತಾರೆ. ನಿಮ್ಮ ಕೈಕೆಳಗೆ ಕೆಲಸ ಮಾಡುವವರು ಯಾರೂ ಹಾಗೆ ತೋರಿಸಲಾರರು. ಇಷ್ಟು ನೇರವಾದ ತರಬೇತಿ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಕೆಲಸ ಒಪ್ಪಿಸುವುದನ್ನು ಕಲಿಯುವುದೂ ಹೀಗೆಯೇ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಶಿಬಿರವನ್ನು ಸ್ಕೌಟ್ ಚಳವಳಿಯ ಮೊದಲ ಹೆಜ್ಜೆ ಅಂತಾರೆ. ಸುಮಾರು ಇಪ್ಪತ್ತು ಹುಡುಗರು. ಕೆಲವರು ಸಿರಿವಂತರ ಶಾಲೆಗಳವರು, ಕೆಲವರು ಕೆಲಸಗಾರರ ಮನೆಯವರು. ಅವರನ್ನು ಬೆರೆಸಿ ನಾಲ್ಕು ಸಣ್ಣ ತಂಡ ಮಾಡಿ, ಪ್ರತಿ ತಂಡಕ್ಕೆ ಒಬ್ಬ ಹುಡುಗನನ್ನೇ ನಾಯಕ ಮಾಡಿದರು. ಬೇಡನ್ ಪೊವೆಲ್ ಸೈನ್ಯದಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು, ತಾವೇ ಆಜ್ಞೆ ಮಾಡಬಹುದಿತ್ತು. ಹುಡುಗರಿಗೆ ನಿಜವಾದ ಹೊಣೆ ಕೊಟ್ಟು ಹಿಂದೆ ನಿಲ್ಲುವುದು ಅಂದರೆ, ಡೇರೆ ಸೊಟ್ಟಗಿದ್ದರೂ ಕೈ ಹಾಕದೆ ನೋಡುತ್ತ ಇರುವುದು. ಅಪಾಯ ಇದ್ದರೆ ಮಾತ್ರ ಮಧ್ಯೆ ಬರುವುದು. ಎಷ್ಟೋ ಮ್ಯಾನೇಜರುಗಳಿಗೆ ಇಂದಿಗೂ ಬಾರದ ವಿದ್ಯೆ ಇದು.

ಮಧ್ಯೆ ಒಂದು ಮಾತು ನೆನಪಾಯಿತು, ವಿಷಯಕ್ಕೆ ಅಷ್ಟೇನೂ ಸಂಬಂಧ ಇಲ್ಲ, ಆದರೂ ಹೇಳುತ್ತೇನೆ. ಅಮೆರಿಕದ ಹಳ್ಳಿಗಳಲ್ಲಿ ಬೆಳೆದ 'ಫೋರ್ ಎಚ್' ಎಂಬ ಯುವಜನ ಸಂಸ್ಥೆಯ ಮೂಲ 1902ರ ಸುಮಾರಿಗೆ ಶುರುವಾದ ಮಕ್ಕಳ ಕೃಷಿ ಕ್ಲಬ್‌ಗಳಲ್ಲಿದೆ. ಬೇಸಾಯದ ಹೊಸ ವಿಧಾನಗಳನ್ನು ಹೇಳಿದರೆ ದೊಡ್ಡ ರೈತರು ಸುಲಭಕ್ಕೆ ಕೇಳುತ್ತಿರಲಿಲ್ಲ. ಮಕ್ಕಳು ಮಾತ್ರ ಆಗಲಿ, ಮಾಡಿ ನೋಡೋಣ ಅಂದರು. ಮಗನ ತುಂಡು ನೆಲದಲ್ಲಿ ಜೋಳ ಚೆನ್ನಾಗಿ ಬಂದ ಮೇಲೆ ಅಪ್ಪ ಹತ್ತಿರ ಬಂದು ನೋಡಿದ. ಹರೆಯದವರನ್ನು ನಾವು ಯಾವಾಗಲೂ ತಿದ್ದಬೇಕಾದವರು ಅಂತಲೇ ನೋಡುತ್ತೇವೆ. ಅವರ ಮೂಲಕ ದೊಡ್ಡವರು ತಿದ್ದಿಕೊಂಡದ್ದೂ ಇದೆ.

ಇನ್ನು ಫೋಟೋ ವಿಷಯ. ಮೊದಲ ದಿನವೇ ಮಕ್ಕಳ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆದು ಎಲ್ಲರಿಗೂ ತೋರಿಸುವವರಿದ್ದಾರೆ. ದಯವಿಟ್ಟು ಬೇಡ. ಆ ಹುಡುಗನಿಗೂ ಗೆಳೆಯರಿದ್ದಾರೆ, ಅವರೂ ಆ ಫೋಟೋ ನೋಡುತ್ತಾರೆ. ಯಾರದೋ ಉಪಕಾರದ ಕಥೆಯಲ್ಲಿ ಪಾತ್ರವಾಗುವುದು ಹದಿನಾಲ್ಕರ ವಯಸ್ಸಿನಲ್ಲಿ ಎಷ್ಟು ನಾಚಿಕೆಯ ವಿಷಯ ಅನ್ನುವುದನ್ನು ನಾವು ಮರೆತಿದ್ದೇವೆ.

ಕೊನೆಯದಾಗಿ, ಯಾವ ಕಾರ್ಯಕ್ರಮಕ್ಕೆ ಸೇರಬೇಕು ಅನ್ನುವುದು. ನೀವು ಅರ್ಜಿ ಹಾಕುವಾಗ ಅವರು ನಿಮ್ಮನ್ನು ಪ್ರಶ್ನೆ ಕೇಳುತ್ತಾರೆ. ನೀವೂ ಕೇಳಿ. ತರಬೇತಿ ಕೊಡುತ್ತೀರಾ? ಕಷ್ಟ ಬಂದಾಗ ಯಾರಿಗೆ ಫೋನ್ ಮಾಡಬೇಕು? ನನ್ನ ಹಿನ್ನೆಲೆ ಹೇಗೆ ಪರಿಶೀಲಿಸುತ್ತೀರಿ? ಈ ಪರಿಶೀಲನೆಯಿಂದ ಕೆಲವರಿಗೆ ಅವಮಾನ ಆಗುತ್ತದೆ, ನನ್ನ ಮೇಲೆ ಅನುಮಾನವೇ ಅಂತ. ಆಗಬಾರದು. ಮಕ್ಕಳ ಜೊತೆ ಕೆಲಸ ಮಾಡುವ ಯಾವುದೇ ಜವಾಬ್ದಾರಿಯುತ ಕಡೆ ಅದು ಇರಲೇಬೇಕು. ದೊಡ್ಡವರೊಬ್ಬರೇ ಮಗುವಿನ ಜೊತೆ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಇರಬಾರದು ಅನ್ನುವ ನಿಯಮವೂ ಇರಬೇಕು. ಅದು ಮಗುವಿಗೂ ರಕ್ಷಣೆ, ನಿಮಗೂ ರಕ್ಷಣೆ. "ಏನೂ ಬೇಡ, ನಾಳೆಯಿಂದಲೇ ಬನ್ನಿ" ಅಂದರೆ ಅಲ್ಲಿಗೆ ಹೋಗಬೇಡಿ.

ಇನ್ನೊಂದು ಪ್ರಶ್ನೆಯನ್ನೂ ಕೇಳಿ, ಇದನ್ನು ಕೇಳುವವರು ಕಡಿಮೆ. ನಾನು ಬಿಡಬೇಕಾಗಿ ಬಂದರೆ ಹೇಗೆ ಬಿಡುವುದು? ವರ್ಷ ತುಂಬಿಸಿದವರೂ ಒಂದಲ್ಲ ಒಂದು ದಿನ ಹೊರಡುತ್ತಾರೆ. ಒಳ್ಳೆಯ ಕಾರ್ಯಕ್ರಮದಲ್ಲಿ ಅದಕ್ಕೂ ಒಂದು ಕ್ರಮ ಇರುತ್ತದೆ. ಕೆಲವು ವಾರ ಮುಂಚೆಯೇ ಹುಡುಗನಿಗೆ ಹೇಳುತ್ತಾರೆ, ಕಾರಣವನ್ನು ನೀವೇ ನಿಮ್ಮ ಬಾಯಲ್ಲಿ ಹೇಳುತ್ತೀರಿ, ಕೊನೆಯ ಭೇಟಿ ಯಾವತ್ತು ಅನ್ನುವುದು ಇಬ್ಬರಿಗೂ ಗೊತ್ತಿರುತ್ತದೆ. ಆಗಾಗ ಬಂದು ಹೋಗುತ್ತೇನೆ ಅಂತ ಮಾತ್ರ ಹೇಳಬೇಡಿ, ನಿಜವಾಗಿ ಬರುವುದಾದರೆ ಬೇರೆ ಮಾತು. ಅರ್ಜಿ ಫಾರಂನ ಎರಡನೇ ಪುಟದಲ್ಲಿ ಎಷ್ಟು ಕಾಲ ಇರುತ್ತೀರಿ ಅಂತ ಕೇಳಿದ್ದೇವೆ. ಅದನ್ನು ಇವತ್ತೇ ತುಂಬಬೇಡಿ. ಮನೆಗೆ ಹೋಗಿ ಕ್ಯಾಲೆಂಡರ್ ನೋಡಿ ತುಂಬಿ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.